ಬಾವಿಯೊಳಗಿನ ಕೇಶವನಾಮ

ತೊಣ್ಣೂರು ಕೆರೆಯ ಆಚೆ ದಡದ ಒಂದು ಹಳ್ಳಿ. ಹೆಸರು ಬೇಡ, ಇದನ್ನು ಕಂಡವರು ಇನ್ನೂ ಅಲ್ಲೇ ಇದ್ದಾರೆ.

ರಾತ್ರಿ ಮಂಗಳಾರತಿ ಮುಗಿಸಿ, ನಾರಾಯಣನ ಗುಡಿಗೆ ಬೀಗ ಹಾಕಿ ಅರ್ಚಕ ನಾಗೇಂದ್ರ ಹೊರಟ. ಆಲದ ಮರದ ಹತ್ತಿರ ದಾರಿ ಕವಲಾಗುತ್ತದೆ. ಎಡಕ್ಕೆ ಮನೆ. ಬಲಕ್ಕೆ ಮೆಟ್ಟಿಲು ಬಾವಿ. ಅವನು ಬಲಕ್ಕೆ ತಿರುಗಿದ. ಗಾಳಿಯಿಲ್ಲ. ಸೊಂಟದಲ್ಲಿ ಬೀಗದ ಕೈ ಕಿಣಿ... ಕಿಣಿ. ಕಾಲಡಿ ಒಣ ಎಲೆ ಚರಕ್. ಅಷ್ಟೇ ಸದ್ದು.

ಆ ಹೊತ್ತಿನಲ್ಲಿ ಬಾವಿಗೆ ಯಾಕೆ ಹೋದ ಅಂತ ಹೇಳಬೇಕಲ್ಲ.

ಹಿಂದಿನ ವರ್ಷ ಉತ್ಸವದ ಕಡೇ ದಿನ ಚಕ್ರಸ್ನಾನ. ಸ್ವಾಮಿಯ ಪಂಚಲೋಹದ ಚಕ್ರವನ್ನು ಎದೆಗವಚಿಕೊಂಡು ಅರ್ಚಕ ಕೆರೆಯಲ್ಲಿ ಮುಳುಗಬೇಕು. ಅವನ ಹಿಂದೆ ಊರೆಲ್ಲ ಮುಳುಗುತ್ತದೆ. ಅವತ್ತು ನಾಗೇಂದ್ರನ ಕೈಯಿಂದ ಚಕ್ರ ಜಾರಿತು. ಅಲ್ಲಿ ಬಂಡೆ ಕಡಿದಾಗಿ ಇಳಿದಿದೆ, ಕೆಳಗೆ ಮಡು. ಬಲೆ ಹಾಕಿದರು. ಮುಳುಗಿ ಹುಡುಕುವವರನ್ನು ಕರೆಸಿದರು. ಸಿಗಲಿಲ್ಲ.

ಅಂದಿನಿಂದ ಅವನಿಗೆ ಅಳು ಬರಲಿಲ್ಲ. ಹಸಿವೂ ತಿಳಿಯಲಿಲ್ಲ. "ಊಟ ಆಯ್ತಾ?" ಎಂದು ಹೆಂಡತಿ ಪ್ರಿಯಂವದಾ ಕೇಳಿದರೆ, "ಆಯ್ತಾ? ನೀನೇ ಹೇಳು" ಅನ್ನುತ್ತಿದ್ದ. ಉರಿಯುವ ಕರ್ಪೂರ ಬೆರಳ ಮೇಲೆ ಬಿದ್ದು ಬೊಬ್ಬೆ ಎದ್ದರೂ, ಅವಳು ತೋರಿಸಿದ ಮೇಲೇ ನೋಡಿದ್ದು. ಆದರೆ ಪೂಜೆ ಒಂದು ದಿನವೂ ತಪ್ಪಲಿಲ್ಲ. ಮನಸ್ಸು ಮರಗಟ್ಟಿತ್ತು, ಬಾಯಿ ನಾಮ ಹೇಳುತ್ತಿತ್ತು. ಅದನ್ನೂ ಸ್ವಾಮಿ ಸ್ವೀಕರಿಸುತ್ತಾನೆ. ನಮ್ಮೊಳಗೆ ಏನಿದೆ, ಏನಿಲ್ಲ ಅನ್ನುವುದು ಅವನಿಗೆ ಗೊತ್ತಿಲ್ಲವೇ?

ಈ ಸಲದ ಉತ್ಸವ ಹತ್ತಿರ ಬಂದಾಗ ಊರ ಹಿರಿಯರು ತೀರ್ಮಾನ ಮಾಡಿದರು. ಅಷ್ಟರೊಳಗೆ ಚಕ್ರ ಸಿಗದಿದ್ದರೆ ಹೊಸ ಚಕ್ರ, ಹೊಸ ಅರ್ಚಕ. ಅವನ ತಂದೆ ಜಯರಾಮಯ್ಯನವರು, ಅವರ ತಂದೆ, ಎಲ್ಲ ಮುಟ್ಟಿ ಪೂಜಿಸಿದ ಸ್ವಾಮಿಯನ್ನು ಅವನು ಇನ್ನು ಹೊಸಿಲಾಚೆ ನಿಂತು ನೋಡಬೇಕು. "ನಾನೇ ಇಳಿದು ತರ್ತೀನಿ" ಅಂದುಬಿಟ್ಟ.

ಕಲಿಸಲು ಒಪ್ಪಿದವನು ಚಲುವರಾಜು. ಊರಿನ ರೈತ, ಶಾಲೆಯಲ್ಲಿ ಜೊತೆಗೆ ಓದಿದವನು. ಕರಾವಳಿಯಲ್ಲಿ ಕೆಲಸಕ್ಕಿದ್ದಾಗ, ಸಿಲಿಂಡರು ಕಟ್ಟಿಕೊಳ್ಳದೆ ಒಂದೇ ಉಸಿರಿನಲ್ಲಿ ಸಮುದ್ರಕ್ಕೆ ಇಳಿಯುವ ಫ್ರೀಡೈವಿಂಗ್ ಕಲಿತು ಬಂದಿದ್ದ. ಮೊದಲು ಜಗಲಿಯ ಮೇಲೆ ಅಂಗಾತ ಮಲಗಿಸಿ ಹೊಟ್ಟೆಯಿಂದ ಉಸಿರಾಡಿಸಿದ. ಮೈ ಸಡಿಲ ಬಿಡುವುದನ್ನು ಹೇಳಿಕೊಟ್ಟ. ಆಮೇಲೆ ಬಾವಿ. ಹಗಲು ಜನ ನೋಡುತ್ತಾರೆ, ಅದಕ್ಕೆ ರಾತ್ರಿ.

"ಏನ್ ಅಯ್ನೋರೇ, ಉಸ್ರು ಬುಡ್ದಂಗೆ ಮಂತ್ರ ಯೋಳೋರು ನೀವು. ನೀರಿಗ್ ಬುಟ್ರೆ ಇಂಗ್ ಒದ್ದಾಡ್ತೀರಲ್ಲಾ!"

"ಮಂತ್ರದ ಮಧ್ಯೆ ಕದ್ದು ಉಸಿರು ತಗೋತೀವಿ ಕಣೋ."

"ಇಲ್ ಕದ್ರೆ ನೀರೇ ಒಳೀಕ್ ಬರೋದು!"

ಗಡಿಯಾರ ಇಟ್ಟರೆ ಎದೆ ಹೊಡೆದುಕೊಳ್ಳುತ್ತದೆಂದು ಕೇಶವನಾಮದಲ್ಲೇ ಎಣಿಸಿದರು. ಕೇಶವನಿಂದ ಕೃಷ್ಣನವರೆಗೆ ಇಪ್ಪತ್ನಾಲ್ಕು ನಾಮ, ಒಂದು ಸುತ್ತು. ಮೆಟ್ಟಿಲ ಮೇಲೆ ಕೂತು ಚಲುವರಾಜು ಹೇಳುವುದು. ಸುತ್ತು ಮುಗಿದಾಗ ನೀರಿನೊಳಗೆ ಕಲ್ಲಿಗೆ ಕಲ್ಲು ಬಡಿಯುವುದು. ಟಕ್. ಮುಳುಗಿದವನಿಗೆ ಅದು ಕಿವಿಯ ಪಕ್ಕದಲ್ಲೇ ಬಡಿದಂತೆ ಕೇಳುತ್ತದೆ. ಟಕ್ ಟಕ್ ಎಂದು ಎರಡು ಸಲ ಬಡಿದರೆ, ಮೇಲೆ ಬಾ ಎಂದರ್ಥ. ಮೂರು ಸುತ್ತು ನಾಗೇಂದ್ರನ ಮಿತಿ. ಮಡುವಿಗೆ ನಾಲ್ಕಾದರೂ ಬೇಕು.

"ಒಂದ್ ಮಾತು ಅಯ್ನೋರೇ. ನಾನಿಲ್ದೆ ಇಳೀಬ್ಯಾಡಿ. ಉಸ್ರೇ ಬ್ಯಾಡ ಅನ್ಸೋಕ್ ಸುರುವಾದ್ರೆ ಅದ್ನ ಸುಕಾ ಅಂದ್ಕಬ್ಯಾಡಿ. ಅಂಗೇ ಓಗ್ಬುಡ್ತಾರೆ."

ಆ ರಾತ್ರಿ... ಕೆಳಗಿನ ಮೆಟ್ಟಿಲ ಮೇಲೆ ಅವನು ಆಗಲೇ ಕೂತಿದ್ದ. ತಲೆಯ ಮೇಲೆ ಬಟ್ಟೆ. ಮುಖ ಕಾಣದಷ್ಟು ಕತ್ತಲೆ.

"ಬಂದು ಹೊತ್ತಾಯ್ತಾ?" ನಾಗೇಂದ್ರ ಪಿಸುಗುಟ್ಟಿದ.

"ಹ್ಞೂಂ."

"ಶುರು ಮಾಡೋಣವಾ?"

"ಇಳಿ."

ಇಳಿದ. ನೀರು ತಲೆಯ ಮೇಲೆ ಗುಳುಂ ಎಂದು ಮುಚ್ಚಿತು. ಮೆಟ್ಟಿಲ ಬದಿಯ ಕಲ್ಲು ಹಿಡಿದು ಮೈ ಸಡಿಲ ಬಿಟ್ಟ.

ಟಕ್. ಒಂದು ಸುತ್ತು.

ಟಕ್. ಎರಡು. ಹೊಟ್ಟೆ ಗುಕ್ ಗುಕ್ ಎಂದು ಎತ್ತಿ ಹಾಕತೊಡಗಿತು. ತಡೆದುಕೊಂಡ.

ಟಕ್... ಮೂರು. ಇನ್ನೊಂದು ಬಡಿತಕ್ಕೆ ಕಾದ. ಬರಲಿಲ್ಲ. ಮುಂದಿನ ಸುತ್ತು ಶುರುವಾಗಿಬಿಟ್ಟಿದೆ! ಬೇರೆ ಯಾರೇ ಆಗಿದ್ದರೂ ಎದ್ದುಬಿಡುತ್ತಿದ್ದರು. ಇವನು ಅರ್ಚಕ. ಹಿಡಿದ ನಾಮವನ್ನು ಅರ್ಧಕ್ಕೆ ಬಿಟ್ಟು ಏಳುವುದು ಹೇಗೆ? ಕಲ್ಲನ್ನು ಇನ್ನೂ ಗಟ್ಟಿಯಾಗಿ ಹಿಡಿದ.

ಟಕ್. ನಾಲ್ಕು. ಮತ್ತೆ ಒಂದೇ.

ಐದನೆಯದರಲ್ಲಿ ಹೊಟ್ಟೆಯ ಒದ್ದಾಟ ನಿಂತಿತು. ಉಸಿರು ಬೇಡ ಅನ್ನಿಸಿತು. ಚಲುವರಾಜು ಹೇಳಿದ್ದು ಇದನ್ನೇ ಅಂತ ನೆನಪಾಯಿತು. ಹೆದರಿಕೆ ಮಾತ್ರ ಆಗಲಿಲ್ಲ. ಒಂದು ವರ್ಷದಿಂದ ಮೇಲೆ ಹೇಗಿದ್ದನೋ ನೀರೊಳಗೂ ಹಾಗೇ ಇದ್ದ.

ಆಗ ನಾಮವೇ ಕೇಳಿತು. ಕಲ್ಲಿನ ಸದ್ದಲ್ಲ, ದನಿ. ಮೇಲಿನಿಂದಲ್ಲ... ಕೆಳಗಿನಿಂದ.

ಪುರುಷೋತ್ತಮಾಯ ನಮಃ... ಅಧೋಕ್ಷಜಾಯ ನಮಃ...

ಮುದಿ ದನಿ. ದಿನಾ ಪೂಜೆ ಮಾಡುವವರ ಅವಸರವಿಲ್ಲದ ದನಿ. ಅಧೋಕ್ಷಜ ಎನ್ನಲು ಚಲುವರಾಜುವಿನ ನಾಲಿಗೆ ಯಾವತ್ತೂ ನೆಟ್ಟಗೆ ಹೊರಳಿದ್ದಿಲ್ಲ.

ಹರಯೇ ನಮಃ... ಶ್ರೀಕೃಷ್ಣಾಯ ನಮಃ.

ಟಕ್ ಟಕ್.

ನಾಗೇಂದ್ರ ಎದ್ದ. ಹಾ... ಎಂದು ಗಾಳಿ ಎಳೆದುಕೊಂಡ. ಮೆಟ್ಟಿಲ ಮೇಲೆ ಯಾರೂ ಇಲ್ಲ.

ಮೇಲೆ ಬೈಕು ಡುಗು ಡುಗು ಎಂದು ಬಂದು ನಿಂತಿತು. ದಬ ದಬ ಹೆಜ್ಜೆ. ಟಾರ್ಚಿನ ಬೆಳಕು.

"ತಡ ಆಗ್ಬುಡ್ತು ಅಯ್ನೋರೇ! ಅಸ ಈಯಕ್ ಕುಂತ್ಬುಡ್ತು, ಕರ ಅಡ್ಡ ತಿರಿಕಂಡಿತ್ತು. ಪೋನ್ ಮಾಡುದ್ರೆ ನೀವು ಎತ್ನಿಲ್ಲ." ಚಲುವರಾಜು ಗಕ್ಕನೆ ನಿಂತ. "ಅಲ್ಲಾ... ಒಬ್ರೇ ಇಳುದ್ಬುಟ್ರಾ? ಬುದ್ಧಿ ಐತಾ ನಿಮ್ಗೆ?"

"ಒಬ್ಬನೇ ಅಲ್ಲ. ಎಣಿಸೋರು ಇದ್ದರು."

"ಯಾರು?"

"ಗೊತ್ತಿಲ್ಲ. ಐದು ಸುತ್ತು ಇದ್ದೆ."

ಚಲುವರಾಜು ಟಾರ್ಚನ್ನು ಸುತ್ತ ಆಡಿಸಿದ. "ಬ್ಯಾಡ ಅಯ್ನೋರೇ," ಅಂದ, ದನಿ ತಗ್ಗಿಸಿ. "ಕೆರೆ ಸಾವಾಸ ಬ್ಯಾಡ. ಓದ್ರೆ ಓಯ್ತು ಪೂಜೆ ಕೆಲ್ಸ. ಎಂಡ್ರು ಮಕ್ಳು ಇಲ್ವಾ ನಿಮ್ಗೆ?"

"ಇದ್ದಾರೆ," ಅಂದ ನಾಗೇಂದ್ರ. ಒದ್ದೆ ಪಂಚೆ ಹಿಂಡಿದ. "ಬೆಳಿಗ್ಗೆ ತೆಪ್ಪ ತಗೊಂಡು ಬಾ."

ಬೆಳಗಿನ ಜಾವ ಕೆರೆಯ ಮೇಲೆ ಮಂಜು. ನಾಗೇಂದ್ರನ ಸೊಂಟಕ್ಕೆ ಹಗ್ಗ. ತೆಪ್ಪದಲ್ಲಿ ಚಲುವರಾಜು, ಎದುರಿಗೆ ತಂದೆ ಜಯರಾಮಯ್ಯನವರು. ಮುದುಕರು ಕೈ ಮುಗಿದುಕೊಂಡೇ ಕೂತಿದ್ದರು. ನಾಗೇಂದ್ರ ಒಂದು ಉಸಿರು ತುಂಬಿಕೊಂಡು ಬಂಡೆಯ ಬದಿಯಲ್ಲೇ ಇಳಿದುಹೋದ.

ಮೂರು ಸುತ್ತು ಆಯಿತು. ನಾಲ್ಕಾಯಿತು. ಹಗ್ಗ ಅಲ್ಲಾಡಲಿಲ್ಲ. ಚಲುವರಾಜು ನಾಮ ಬಿಟ್ಟು, ಎರಡೂ ಕೈಯಲ್ಲಿ ಹಗ್ಗ ಎಳೆಯತೊಡಗಿದ. ಅಷ್ಟರಲ್ಲಿ ನೀರು ಬುಳಕ್ ಎಂದು ಒಡೆದು ನಾಗೇಂದ್ರನ ತಲೆ ಕಂಡಿತು. ತುಟಿ ನೀಲಿ. ಎದೆಗೆ ಅವಚಿಕೊಂಡಿದ್ದ ಚಕ್ರ.

ಜಯರಾಮಯ್ಯನವರು ಬಗ್ಗಿ ಎರಡೂ ಕೈಯಲ್ಲಿ ತೆಗೆದುಕೊಂಡರು. ಮಡಿಲಲ್ಲಿಟ್ಟು ನೋಡಿದರು. ತುಂಬ ಹೊತ್ತು ನೋಡಿದರು.

"ಪಾಚಿ ಇಲ್ಲ," ಅಂದರು.

ಒಂದು ವರ್ಷ ಮಡುವಿನ ತಳದಲ್ಲಿದ್ದ ಚಕ್ರ. ಹುಣಿಸೆಹಣ್ಣು ಹಾಕಿ ಬೆಳಗಿದಂತೆ ಹೊಳೆಯುತ್ತಿತ್ತು. ನಡುವೆ ಗಂಧದ ಬೊಟ್ಟು. ಮುದುಕರು ಬೆರಳಿನಿಂದ ಮುಟ್ಟಿದರು, ಬೆರಳಿಗೆ ಅಂಟಿತು. ಮೂಸಿ ನೋಡಿ, ಬೆರಳನ್ನು ಚಲುವರಾಜುವಿನ ಮೂಗಿನ ಹತ್ತಿರ ಹಿಡಿದರು. ಶ್ರೀಗಂಧ. ಆಗಷ್ಟೇ ತೇದ ಹಸಿ ಗಂಧ.

ಇದು ನಡೆದದ್ದು. ನಂಬದಿದ್ದರೆ ಚಲುವರಾಜುವನ್ನೇ ಕೇಳಿ. ಆ ಬೆರಳು ಮೂಸಿದವನು ಅವನು.