ಆರು ಗಂಟೆಯ ನಾಡಿ

ಸಂಜೆಯ ಮಳೆಗೆ ರಸ್ತೆಯಲ್ಲೆಲ್ಲ ನೀರು ನಿಂತಿತ್ತು. ಬಸ್ಸು ಮುಂದೆ ಹೋಗುತ್ತಿಲ್ಲ, ಬರುವುದು ತಡವಾಗುತ್ತದೆ ಎಂದು ರಾತ್ರಿ ಪಾಳಿಯವರು ಫೋನು ಮಾಡಿದ್ದರು. ನಾವು ಮೂವರು ನರ್ಸುಗಳು ಕೊನೆಯ ಮಂಚದ ಸುತ್ತ ಸ್ಟೂಲು ಎಳೆದುಕೊಂಡು ಕುಳಿತೆವು. ಆ ಮಂಚದಲ್ಲಿದ್ದವರು ಇದೇ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ನರ್ಸು. ಎಲ್ಲರ ಬಾಯಲ್ಲೂ ದೊಡ್ಡ ಸಿಸ್ಟರ್. ಹೃದಯ ಕೈಕೊಟ್ಟು ದಾಖಲಾಗಿದ್ದರೂ ಬಾಯಿ ಮಾತ್ರ ಗಟ್ಟಿಯಾಗಿಯೇ ಇತ್ತು. ಹಾಸಿಗೆಯ ಸುಕ್ಕಿನಿಂದ ಹಿಡಿದು ನಮ್ಮ ಜಡೆಯವರೆಗೆ ಎಲ್ಲದಕ್ಕೂ ಬೈಗುಳ. ಇಲ್ಲಿ ದೆವ್ವ ಗಿವ್ವ ಏನಾದರೂ ಕಂಡಿದ್ದೀರಾ ಎಂದು ನಮ್ಮಲ್ಲೊಬ್ಬಳು ತಮಾಷೆಗೆ ಕೇಳಿದಳು. ಅವರು ನಗಲಿಲ್ಲ.

“ಕಂಡಿಲ್ಲ... ಮುಟ್ಟಿದ್ದೀನಿ. ಕೂತ್ಕೊಂಡು ಕೇಳಿ. ಯಾರಿಗೂ ಹೇಳಿದ್ದಲ್ಲ ಇದು, ಹೇಳೋಕೆ ಮುಖ ಇರಲಿಲ್ಲ.

“ನಾನಾಗ ನಿಮ್ಮ ವಯಸ್ಸಿನವಳು. ಮಧ್ಯಾಹ್ನ ಎರಡರಿಂದ ಎಂಟರವರೆಗೆ ಪಾಳಿ, ವಾರ್ಡಲ್ಲಿ ಮೂವತ್ತು ಜನ, ಎರಡು ಗಂಟೆಗೊಂದ್ಸಲ ಎಲ್ಲರ ನಾಡಿ ನೋಡಿ ಚಾರ್ಟಲ್ಲಿ ಬರೀಬೇಕು. ಅಷ್ಟು ಸಲ ಯಾರು ಓಡಾಡ್ತಾರೆ ಹೇಳಿ? ಬಂದ ತಕ್ಷಣ ಕೂತು ಎರಡು, ನಾಲ್ಕು, ಆರು, ಎಂಟು, ನಾಲ್ಕೂ ಮನೆ ತುಂಬಿಸಿಬಿಡೋದು. ಎಪ್ಪತ್ತೆಂಟು, ಎಪ್ಪತ್ತಾರು, ಕೊನೆಗೆ ‘ನೋವಿಲ್ಲ’... ಕೈಗೆ ರೂಢಿಯಾಗಿಹೋಗಿತ್ತು.

“ಒಂಬತ್ತನೇ ಮಂಚದಲ್ಲಿ ಕಾಲಿನ ಗಾಯಕ್ಕೆ ಸೇರಿದ್ದ ಒಬ್ಬರು ಬಡಗಿ. ಅಲ್ಲಾಡೋ ಸ್ಟೂಲುಗಳನ್ನೆಲ್ಲ ಹಾಸಿಗೆ ಮೇಲೆ ಕೂತೇ ಸರಿಮಾಡಿಕೊಟ್ಟಿದ್ದ ಪುಣ್ಯಾತ್ಮ. ಮೂರು ಗಂಟೆಗೆ ಆಯಾ ಬಂದು, ಅವರಿಗೆ ಎದೆ ಹಿಡಿದ ಹಾಗಾಗ್ತಿದೆಯಂತೆ, ಎಡಗೈ ಸೆಳೀತಿದೆಯಂತೆ ಅಂದ್ಲು. ನಾನೇನಂದೆ ಗೊತ್ತಾ? ‘ನೀನು ನೆಲ ಒರೆಸು, ಡಾಕ್ಟರಾಗ್ಬೇಡ’ ಅಂದೆ. ಎದ್ದು ಹೋಗಿ ನೋಡಲಿಲ್ಲ, ಬರೀಲಿಲ್ಲ, ಡಾಕ್ಟರಿಗೆ ಹೇಳಲೂ ಇಲ್ಲ. ನಾಲ್ಕೂವರೆಗೆ ಅವರು ಹೋಗಿಬಿಟ್ಟಿದ್ರು.

“ಡಾಕ್ಟರು ನೋಡಿದ್ರು, ಜೀವ ಇಲ್ಲ ಅಂದ್ರು, ಚಾರ್ಟ್ ತಗೊಂಡು ಬಾ ಅಂದ್ರು. ಹೇಗೆ ಕೊಡಲಿ ಕಣ್ರೇ? ಸತ್ತವರಿಗೆ ಆರು ಗಂಟೆ ನಾಡಿ ಬರೆದಿಟ್ಟಿದ್ದೀನಿ! ಹಳೇದನ್ನ ಮಡಚಿ ರವಿಕೆಯೊಳಗೆ ಸೇರಿಸಿಕೊಂಡು, ಹೊಸ ಹಾಳೆಯಲ್ಲಿ ಎರಡೇ ಮನೆ ತುಂಬಿಸಿ ತಂದುಕೊಟ್ಟೆ. ರೋಗಿ ಯಾರ ಹತ್ರನಾದ್ರೂ ನೋವು ಅಂದಿದ್ರಾ ಅಂತ ಕೇಳಿದ್ರು. ಹೇಳಿದ್ರೆ ಆಯಾಗೆ ಹೇಳಿರಬೇಕು, ನನ್ನ ತನಕ ಬರಲಿಲ್ಲ ಅಂದೆ. ಆಯಾ ಪಕ್ಕದಲ್ಲೇ ನಿಂತಿದ್ಲು. ‘ಹೇಳಿದ್ದೆ ಸಿಸ್ಟರ್’ ಅಂದ್ಲು, ಅಷ್ಟೇ. ನೆಲ ಒರೆಸೋಳ ಮಾತು ಯಾರು ಕೇಳ್ತಾರೆ? ಮಾರನೇ ದಿನವೇ ಅವಳ ಕೆಲಸ ಹೋಯ್ತು.

“ಆರು ಗಂಟೆಗೆ ಪರದೆ ಎಳೆದು, ದೇಹದ ಕೈಗೆ ಹೆಸರಿನ ಚೀಟಿ ಕಟ್ತಿದ್ದೆ... ಬೆರಳಿನ ಕೆಳಗೆ ಏನೋ ಮಿಡೀತು. ಗಡಿಯಾರ ಹಿಡಿದು ಎಣಿಸಿದೆ. ಪೂರ್ತಿ ಒಂದು ನಿಮಿಷ, ಎಪ್ಪತ್ತಾರು. ಆರು ಗಂಟೆ ಮನೆಯಲ್ಲಿ ನಾನು ಬರೆದಷ್ಟೇ! ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

“ಡಾಕ್ಟರನ್ನ ಕೂಗಬೇಕಿತ್ತಲ್ವಾ? ಅದು ಜೀವವೋ, ನಾನು ಬರೆದ ಸುಳ್ಳೋ, ನನಗೆ ಹೇಗೆ ಗೊತ್ತು? ಕೂಗಿದ್ರೆ ಆ ಹಾಳೆ ಹೊರಗೆ ಬರತ್ತೆ ಅಂತ ಬಾಯಿ ಮುಚ್ಕೊಂಡೆ. ಅವರ ಕೈಯನ್ನ ಮೆಲ್ಲಗೆ ಹೊದಿಕೆ ಒಳಗೆ ಸೇರಿಸಿದೆ... ಥೂ, ಎಂಥ ಹೆಂಗಸು ನಾನು. ಎಂಟು ಗಂಟೆಗೆ ಶವದ ಕೋಣೆಯಲ್ಲಿ ಇನ್ನೊಂದ್ಸಲ ಹಿಡಿದೆ. ಮಿಡೀತಿತ್ತು. ಅಲ್ಲಿಗೆ ಬರೆದಿದ್ದು ಮುಗೀತು, ಅದೂ ನಿಂತುಹೋಯ್ತು.”

ಗೋಡೆಯ ಗಡಿಯಾರದಲ್ಲಿ ಏಳು ದಾಟಿತ್ತು. ದೊಡ್ಡ ಸಿಸ್ಟರ್ ಮಂಚದ ಕಾಲ ಬಳಿ ತೂಗುಹಾಕಿದ್ದ ತಮ್ಮ ಚಾರ್ಟಿನ ಕಡೆಗೆ ಮುಖ ತಿರುಗಿಸಿದರು.

“ಅದನ್ನ ನಾನೂ ಓದ್ತೀನಿ ಕಣ್ರೇ. ಎಂಟು ಗಂಟೆದು ಆಗಲೇ ಬರೆದಿದೆ, ಎಂಬತ್ತೆರಡು ಅಂತ. ಯಾರು ಬರೆದ್ರಿ ಅಂತ ಕೇಳೋ ಯೋಗ್ಯತೆ ನನಗಿಲ್ಲ.”

ಬರೆದವಳು ನಾನು. ಮುಖ ಎತ್ತಲಾಗದೆ ನೆಲ ನೋಡುತ್ತ ಕುಳಿತೆ. ಅವರು ತಮ್ಮ ತಣ್ಣನೆಯ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟರು.

“ಎಂಟಕ್ಕೆ ಬಂದು ಹಿಡಿದು ನೋಡು ಮಗಳೇ. ಎಂಬತ್ತೆರಡು ಖಂಡಿತ ಸಿಗತ್ತೆ... ಅದನ್ನ ನಂಬಿ, ಇವಳಿನ್ನೂ ಬದುಕಿದ್ದಾಳೆ ಅಂದ್ಕೋಬೇಡ.”