ಗೇಟಿನಿಂದ ತಿರುಗಿದ ಲಾರಿ

ಒಂದು ಊರು ಅಂತ ಇಟ್ಟುಕೊಳ್ಳಿ. ನಿಮ್ಮೂರೇ ಅಂತ ಇಟ್ಟುಕೊಂಡರೂ ನನ್ನ ಅಭ್ಯಂತರ ಇಲ್ಲ. ಅಲ್ಲಿ ಅನುಕೂಲಸ್ಥ ಯಜಮಾನ ಒಬ್ಬ. ಬೇಕಾದ್ದೆಲ್ಲ ಇತ್ತು, ನೆಮ್ಮದಿ ಒಂದು ಬಿಟ್ಟು. ಊಟಕ್ಕೆ ಕೂತರೆ ಅಂಗಡಿ ಚಿಂತೆ, ಅಂಗಡಿಯಲ್ಲಿ ಕೂತರೆ ಮನೆ ಚಿಂತೆ. ಇಂಥವನು ಮನೆ ಕಟ್ಟಿಸೋಕೆ ಹೊರಟ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿದರಾ? ತಣ್ಣಗೆ ಇದ್ದವರನ್ನೇ ಅದು ಅಲ್ಲಾಡಿಸಿಬಿಡುತ್ತೆ. ಮೊದಲೇ ಅಲ್ಲಾಡ್ತಾ ಇದ್ದವನ ಗತಿ ಏನು?

ಮಗಳು ಬಸುರಿ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕಲ್ಲ? ಹೊಸ ಮನೆಯ ನಡುಕೋಣೆಯಲ್ಲೇ ಆಗಲಿ, ಮೊಮ್ಮಗುವಿನ ತೊಟ್ಟಿಲು ಅಲ್ಲೇ ತೂಗಲಿ ಅಂತ ಅವನ ಆಸೆ. ಒಳ್ಳೆಯ ಆಸೆ. ಆ ಕೋಣೆಗೋಸ್ಕರವೇ ಅವನು ಓಡಾಡ್ತಾ ಇದ್ದ ಅಂದರೂ ತಪ್ಪಿಲ್ಲ.

ಅವನಿಗೆ ಎರಡು ಭಯ. ಸಾಮಾನು ಹೊತ್ತಿಗೆ ಸರಿಯಾಗಿ ಬರದೆ ಕೆಲಸ ನಿಂತರೆ? ದರದಲ್ಲಿ ನಾನು ಮೋಸ ಹೋದರೆ? ಭಯ ತಪ್ಪಲ್ಲ ನೋಡಿ, ಕಟ್ಟಿಸುವವರಿಗೆ ಇರಬೇಕಾದ ಭಯವೇ ಅದು. ಆದರೆ ಅದಕ್ಕೆ ಅವನು ಕಂಡುಕೊಂಡ ಮದ್ದು ಕೇಳಿ. ಇಟ್ಟಿಗೆ ಬೇಕಾ? ಇಬ್ಬರು ವ್ಯಾಪಾರಿಗಳಿಗೆ ಹೇಳೋದು. ಮರಳು ಬೇಕಾ? ಇಬ್ಬರಿಗೆ ಹೇಳೋದು. ಇವನ ದರ ಅವನಿಗೆ ತೋರಿಸಿ ಇಳಿಸೋದು, ಅವನದು ಇವನಿಗೆ ತೋರಿಸಿ ಇನ್ನಷ್ಟು ಇಳಿಸೋದು. ಕೊನೆಗೆ ಇಬ್ಬರಿಗೂ ಒಂದೇ ಮಾತು, "ನಿಮ್ಮದೇ ಬೇಕು, ಕಳಿಸಿ." ಯಾರ ಲಾರಿ ಮೊದಲು ಬಂತೋ ಅದು ಒಳಗೆ. ಎರಡನೆಯದು ಗೇಟಿನಿಂದಲೇ ವಾಪಸ್.

ಒಂದು ದಿನ ಹೀಗೇ ವಾಪಸ್ ಕಳಿಸಿದ ಲಾರಿ ಡ್ರೈವರು ಕೆಳಗಿಳಿದು ಕೈಮುಗಿದ. "ಸಾಮೀ, ಲೋಡು ತುಂಬ್ಕೊಂಡು ಬಂದಿವ್ನಿ. ಈಗ ಎಲ್ಲಿಗೆ ಹೊಡ್ಕೊಂಡು ಹೋಗ್ಲಿ?"

"ಲೇಟಾಯ್ತಲ್ಲಪ್ಪ. ಬೇರೆಯವರದ್ದು ಬಂದುಬಿಡ್ತು."

ಲೇಟೂ ಇಲ್ಲ, ಏನೂ ಇಲ್ಲ. ಆ ಸಣ್ಣ ಬೀದಿಯಲ್ಲಿ ತುಂಬಿದ ಲಾರಿಯನ್ನು ಹಿಂದೆ ಹಿಂದೆ ತಗೊಂಡು ಹೋಗೋಕೆ ಆ ಡ್ರೈವರು ಪಟ್ಟ ಪಾಡು ಅವನಿಗೇ ಗೊತ್ತು. ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ತಡೆಯಲಿಲ್ಲ. "ರೀ, ಆ ಡೀಸೆಲ್ ಯಾರ ಮನೇದು?"

"ನಮ್ಮನೇದಂತೂ ಅಲ್ಲ ಬಿಡೇ!"

ಗೆಳೆಯರ ಮುಂದೆ ಇದನ್ನೇ ಹೇಳಿಕೊಂಡು ಮೀಸೆ ತಿರುವಿದ. ವ್ಯವಹಾರ ಅಂದರೆ ಹೀಗಿರಬೇಕು, ಒಬ್ಬ ಕೈಕೊಟ್ಟರೂ ನಮಗೆ ನಷ್ಟ ಇಲ್ಲ ಅಂದ. ಗೆಳೆಯರು ಭಲೇ ಅಂದರು. ನೋಡಿ, ನೀವೂ ತಲೆ ಆಡಿಸ್ತಾ ಇದ್ದೀರಿ! ಆ ಗುಡಿ ಕಂಬದ ಪಕ್ಕ ಕೂತವರು ತಮಗೆಷ್ಟು ಉಳಿಯುತ್ತೆ ಅಂತ ಆಗಲೇ ಲೆಕ್ಕ ಹಾಕ್ತಾ ಇದ್ದಾರೆ. ಸ್ವಲ್ಪ ತಡೀರಿ ಸ್ವಾಮಿ.

ತಾರಸಿಗೆ ಕಾಂಕ್ರೀಟ್ ಸುರಿದು ಮೋಲ್ಡ್ ಹಾಕುವ ದಿನ ಬಂತು. ಕಟ್ಟಿಸಿದವರಿಗೆ ಗೊತ್ತು, ತಾರಸಿ ಅನ್ನೋದು ಒಂದೇ ಹಾಸು. ಬೆಳಗ್ಗೆ ಶುರು ಮಾಡಿದರೆ ಮುಗಿಯುವವರೆಗೂ ಮಿಕ್ಸರ್ ನಿಲ್ಲಬಾರದು. ಅರ್ಧ ಹಾಕಿ, ಗಟ್ಟಿಯಾದ ಮೇಲೆ ಇನ್ನರ್ಧ ಹಾಕಿದರೆ ನೋಡೋಕೆ ಒಂದೇ, ಒಳಗೆ ಎರಡು. ನೀರು ಆ ಸಂದನ್ನೇ ಹುಡುಕಿಕೊಂಡು ಬರುತ್ತೆ. ಪೂಜೆ ಆಯಿತು, ಕಾಯಿ ಒಡೆದರು. ಆಳುಗಳಿಗೆ ಅಂತ ಹೆಂಡತಿ ಕೇಸರಿಬಾತು ಮಾಡಿಸಿದ್ದಳು. ಜಲ್ಲಿ ಮಾತ್ರ ಅರ್ಧವೇ ಇತ್ತು. ಯಾಕೆ? ಪೂರ್ತಿ ತಂದು ಬೀದಿಯಲ್ಲಿ ಸುರಿದರೆ ಅಕ್ಕಪಕ್ಕದವರು ಬಾಂಡ್ಲಿಯಲ್ಲಿ ಹೊತ್ತುಕೊಂಡು ಹೋಗ್ತಾರೆ ಅಂತ ಇವನಿಗೆ ಅನುಮಾನ! ಉಳಿದದ್ದು ಮಧ್ಯಾಹ್ನದೊಳಗೆ ಬರಲಿ ಅಂತ ಹೇಳಿದ್ದ. ಯಾರಿಗೆ? ಇಬ್ಬರಿಗೆ. ಅದಕ್ಕೇ ಅವತ್ತು ಅವನು ಧೈರ್ಯವಾಗಿದ್ದ.

ಮಿಕ್ಸರ್ ತಿರುಗ್ತಾ ಇದೆ, ಜಲ್ಲಿ ರಾಶಿ ಕರಗ್ತಾ ಇದೆ. ಗೇಟಿಗೆ ಬಂದ, ನೋಡಿದ. ಮೇಲೆ ಹೋದ, ನೋಡಿದ. ಮತ್ತೆ ಗೇಟಿಗೆ ಬಂದ. ಬೀದಿಯಲ್ಲಿ ಹಾರನ್ ಆದರೆ ಓಡಿಬಂದ, ಅದು ಗ್ಯಾಸ್ ಗಾಡಿ. ರಾಶಿ ನೆಲ ಮುಟ್ಟಿತು. ಮೊದಲನೇ ವ್ಯಾಪಾರಿಗೆ ಫೋನ್ ಮಾಡಿದ.

"ಏನ್ರೀ, ಲಾರಿ ಎಲ್ಲಿ?"

ಆ ಕಡೆಯಿಂದ ನಿಜವಾದ ಗಾಬರಿ. "ಅಯ್ಯೋ, ಅವರದ್ದು ಬಂದಿಲ್ವಾ ಯಜಮಾನ್ರೇ? ನೀವು ಹೆಂಗೂ ಅವರಿಗೂ ಹೇಳಿರ್ತೀರಿ, ನಮ್ಮದು ತಿರುಗಿ ಬರೋದೇ ಅಲ್ವಾ ಅಂತ ಬೇರೆ ಸೈಟಿಗೆ ಕಳಿಸ್ಬಿಟ್ಟೆ."

ಎರಡನೆಯವನಿಗೆ ಮಾಡಿದ. ಅವನೂ ಕೇಳಿದ್ದು ಅದೇ. "ಅವರದ್ದು ಬಂದಿಲ್ವಾ?"

ಇಬ್ಬರಿಗೂ ದ್ವೇಷ ಇರಲಿಲ್ಲ, ಕೇಳಿಸಿಕೊಳ್ಳಿ. ಇಬ್ಬರೂ ಅವನನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು, ಅಷ್ಟೇ. ಮಾಡಿದ್ದುಣ್ಣೋ ಮಹಾರಾಯ! ಅವರ ಲಾರಿಗಳು ತಿರುಗಿ ಬರೋದು ಸಂಜೆಗೆ. ಊರಿನ ಮಿಕ್ಕ ಜಲ್ಲಿಯವರಿಗೆಲ್ಲ ಫೋನ್ ಮಾಡಿದ. ಯಾರೂ ಇಲ್ಲ ಅನ್ನಲಿಲ್ಲ, ಯಾರೂ ಹೊರಡಲೂ ಇಲ್ಲ. ಇವನ ಗೇಟಿನ ಸುದ್ದಿ ಅವರಿಗೂ ಮುಟ್ಟಿತ್ತು. ಮೇಸ್ತ್ರಿ ಮೇಲಿನಿಂದ ಕೂಗಿದ. "ಸಾಮಾನಿಲ್ಲ ಯಜಮಾನ್ರೇ, ಇಲ್ಲಿಗೇ ನಿಲ್ಲಿಸ್ತೀನಿ. ನಾಳೆ ಸೇರಿಸೋಣ."

"ಸೇರುತ್ತೇನಯ್ಯಾ?"

"ಏನೋ ಒಂದು ಮಾಡೋಣ ಬಿಡಿ."

ಎಲ್ಲಿಗೆ ನಿಂತಿತು ಗೊತ್ತಾ? ಸರಿಯಾಗಿ ನಡುಕೋಣೆಯ ಮಧ್ಯಕ್ಕೆ. ಮಾರನೇ ದಿನ ಮತ್ತೆ ಆಳು, ಮತ್ತೆ ಮಿಕ್ಸರ್ ಬಾಡಿಗೆ, ಮತ್ತೆ ಊಟ. ದರ ಇಳಿಸಿ ಉಳಿಸಿದ್ದೆಲ್ಲ ಅಲ್ಲಿಗೇ ಕೊಚ್ಚಿಹೋಯಿತು. ಹೋಗಲಿ ಬಿಡಿ, ಅದು ದೊಡ್ಡದಲ್ಲ. ಗೃಹಪ್ರವೇಶ ಆಯಿತು, ಮಳೆಗಾಲ ಬಂತು. ಸೂರಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಒದ್ದೆ ಗೆರೆ ಎದ್ದಿತು. ಆಮೇಲೆ ತೊಟ್ಟಿಕ್ಕಿತು. ಮೇಲೆ ಸಿಮೆಂಟು ಬಳಿಸಿದ, ಮತ್ತೆ ತೊಟ್ಟಿಕ್ಕಿತು. ಮತ್ತೊಬ್ಬನನ್ನು ಕರೆಸಿ ಇನ್ನೇನೋ ಬಳಿಸಿದ. ಆ ಗೆರೆ ಹೋಗಲೇ ಇಲ್ಲ. ಊಟದ ತಟ್ಟೆ ಬಿಟ್ಟು ಎದ್ದು ಬಂದು ಅದನ್ನೇ ನೋಡ್ತಾ ನಿಲ್ಲೋನು.

ಮಗಳನ್ನು ಬಾಣಂತನಕ್ಕೆ ಬಿಟ್ಟುಹೋಗೋಕೆ ಬಂದ ಬೀಗಿತ್ತಿ ಆ ಕೋಣೆ ನೋಡಿದಳು. ಜಗಳ ಆಡಲಿಲ್ಲ. "ಶೀತದ ಕೋಣೆ, ಹಸುಗೂಸಿಗೆ ಆಗಲ್ಲ. ಬಾಣಂತನ ನಮ್ಮಲ್ಲೇ ಮಾಡ್ತೀವಿ, ಬೇಜಾರು ಮಾಡ್ಕೋಬೇಡಿ" ಅಂದಳು. ಮಗಳು ಅಪ್ಪನ ಮುಖ ನೋಡಿ, ಇಳಿಸಿದ ಬ್ಯಾಗು ಮತ್ತೆ ಎತ್ತಿಕೊಂಡಳು. ಕಾರು ಬೀದಿಯಲ್ಲಿ ಹಿಂದೆ ಹಿಂದೆ ಹೋಯಿತು. ಅವನು ಗೇಟು ಹಿಡಿದು ನೋಡ್ತಾ ನಿಂತ. ಅಯ್ಯೋ ಅನಿಸುತ್ತೆ ಅಲ್ವಾ? ನನಗೂ ಅನಿಸುತ್ತೆ.

ಈಗ ನಿಮ್ಮ ಸರದಿ. ಕಥೆ ಕೇಳಿ ಕೈ ತೊಳೆದುಕೊಂಡು ಹೋಗೋಣ ಅಂದುಕೊಂಡಿರಾ?

ಆ ಯಜಮಾನ ಅಪಾಯವನ್ನು ಕಳೆದುಕೊಂಡನಾ? ಇಲ್ಲ. ಬೇರೆಯವರ ತಲೆ ಮೇಲೆ ಇಟ್ಟ, ಅಷ್ಟೇ. ಹಾಗೆ ಇಟ್ಟಿದ್ದು ಅಲ್ಲೇ ಕೂತಿರಲ್ಲ ನೋಡಿ. ನೀವು ಮಾಡೋದೇನು? ಮಗಳಿಗೆ ಎರಡು ಕಡೆ ಗಂಡು ನೋಡಿ, ಎರಡೂ ಕಡೆಗೆ 'ಆಗಲಿ' ಅಂತ ತಲೆ ಆಡಿಸೋದು. ಮದುವೆಗೆ ಇಬ್ಬರು ಅಡುಗೆಯವರನ್ನು ಕಾಯಿಸೋದು. ಅಷ್ಟೇ ಆಗಿದ್ದರೆ ಸುಮ್ಮನಿರ್ತಿದ್ದೆ. ದೇವರನ್ನೂ ಬಿಟ್ಟಿಲ್ಲವಲ್ಲ! ಈ ದೇವರಿಗೊಂದು ಹರಕೆ, ಆ ದೇವರಿಗೊಂದು ಹರಕೆ, ಯಾರು ಮೊದಲು ಕೆಲಸ ಮಾಡಿಕೊಡ್ತಾರೋ ಅವರಿಗೆ ಕಾಯಿ! ನಾಳೆ ನೀವು ಕಷ್ಟ ಅಂತ ಕೂಗಿದಾಗ ಆ ದೇವರೂ 'ಇವನು ಅವರಿಗೂ ಹೇಳಿರ್ತಾನೆ ಬಿಡು' ಅಂತ ಮಗ್ಗಲು ಬದಲಿಸಿದರೆ?

ವಿಚಾರಿಸಬೇಡಿ ಅಂತ ನಾನು ಹೇಳ್ತಿಲ್ಲ. ಹತ್ತು ಕಡೆ ವಿಚಾರಿಸಿ, ಜಗ್ಗಾಡಿ, ದರ ಇಳಿಸಿ. ಆಮೇಲೆ ಒಬ್ಬರಿಗೆ 'ನೀವೇ ಬನ್ನಿ' ಅನ್ನಿ, ಮುಂಗಡ ಕೊಡಿ. ಇನ್ನೊಬ್ಬರೂ ಬೇಕು ಅನ್ನಿಸಿದರೆ ಅವರಿಗೆ ನಿಜ ಹೇಳಿ. 'ಅವರು ತಪ್ಪಿದರೆ ನೀವು ಬರಬೇಕು, ಕಾದದ್ದಕ್ಕೆ ಬಾಡಿಗೆ ನನ್ನದು' ಅನ್ನಿ. ಖರ್ಚಾಗುತ್ತಾ? ಆಗುತ್ತೆ. ಆ ಖರ್ಚಿಗೆ ಹೆದರಿದವನ ಮನೆಯನ್ನು ಈಗಷ್ಟೇ ನೋಡಿ ಬಂದಿರಲ್ಲ.

ಈ ಸಭೆಯಲ್ಲಿ ಯಾರಿಗೋ 'ನೋಡೋಣ, ಹೇಳ್ತೀನಿ' ಅಂದು ಕಾಯಿಸಿ ಬಂದವರು ಎಷ್ಟೋ ಜನ ಇದ್ದೀರಿ. ಆ ಮನುಷ್ಯ ಈಗಲೂ ನಿಮ್ಮ ಮಾತು ನಂಬಿ ಕಾಯ್ತಾ ಇದ್ದಾನೆ. ಬೇಕಾದರೆ ಬಾ ಅನ್ನಿ, ಬೇಡವಾದರೆ ಬೇಡ ಅನ್ನಿ. ಪ್ರಸಾದ ಎಲ್ಲೂ ಓಡಿಹೋಗಲ್ಲ. ಏಳಿ, ಆಚೆ ಹೋಗಿ ಆ ಒಂದು ಫೋನ್ ಮಾಡಿ ಬನ್ನಿ. ಅಲ್ಲಿಯವರೆಗೆ ನಾನು ಇಲ್ಲೇ ಕೂತಿರ್ತೀನಿ.