ಆಮೆ ಮೇಷ್ಟ್ರ ಕೈ ನಿಂತ ಹೊತ್ತು

ವೇದಿಕೆಯ ಹಿರಿಯರಿಗೆ, ಮೇಷ್ಟ್ರ ಮನೆಯವರಿಗೆ, ನಮ್ಮ ಸ್ಟುಡಿಯೋ ಬಳಗಕ್ಕೆ — ನಮಸ್ಕಾರ. ತಂಗೀ, ನಿನ್ನೆದುರು ನಿಂತರೆ ನಾಲಿಗೆ ಹೊರಳುತ್ತಿಲ್ಲ. ಮೈಕ್ ಕಂಡರೆ ಬಿಡದ ನನಗೇ!

ಸೈನಿಕರಿಗೆ ಪಾಠ ಹೇಳುವ ವಿಡಿಯೋ ಮಾಡುವವರು ನಾವು. ಕಣ್ಣಿಗೆ ದೊಡ್ಡ ಕನ್ನಡಕ ಕಟ್ಟಿಕೊಂಡರೆ ಸಾಕು, ಹುಡುಗರ ಎದುರು ಕಾಡು, ಕಂದಕ, ನೆಲಬಾಂಬು ಎಲ್ಲ ಬಂದು ನಿಲ್ಲುತ್ತವೆ. ಅದರಲ್ಲಿ ಗಾಯಾಳುವಿನ ಪಾತ್ರ ನನ್ನದೇ. ಹಳ್ಳಿ ಶಾಲೆಯಲ್ಲಿ ಓದಿದವನೆಂದು ನಗಬೇಡಿ — ಸಾಯುವುದರಲ್ಲಿ ನಾನು ಎತ್ತಿದ ಕೈ. ನನ್ನನ್ನು ಹೆಗಲ ಮೇಲೆ ಹೊತ್ತು ಓಡುತ್ತಿದ್ದವರು ಸೇನೆಯಿಂದ ನಿವೃತ್ತರಾಗಿ ಬಂದ ನಮ್ಮ ಮೇಷ್ಟ್ರು. ಸಲುಗೆಯಿಂದ ನನ್ನನ್ನು ಮಾವ ಎಂದೇ ಕರೆಯುತ್ತಿದ್ದರು. "ಮಾವಾ, ಸತ್ತೋನು ಇಷ್ಟೊಂದು ಮಾತಾಡ್ಬಾರ್ದು, ಸುಮ್ನಿರಿ" ಅನ್ನುತ್ತಿದ್ದರು. ಈಗ ನಾನು ಮಾತಾಡುತ್ತಿದ್ದೇನೆ — ಅವರು ಸುಮ್ಮನಿದ್ದಾರೆ.

ಬಾಂಬ್ ಬಿಚ್ಚುವ ಪಾಠಕ್ಕೆ ಅವರ ಮೈತುಂಬ ಚಲನೆ ಗುರುತಿಸುವ ಸೆನ್ಸರ್ ಅಂಟಿಸುತ್ತಿದ್ದೆವು. ಅವರ ಕೈ ಆಡಿದಂತೆ ಪರದೆಯ ಸೈನಿಕನ ಕೈ ಆಡುತ್ತಿತ್ತು. ತಂತಿ ಮುಟ್ಟುವ ಮುನ್ನ ಅವರ ಕೈ — ಹೀಗೆ, ನೋಡಿ — ಗಾಳಿಯಲ್ಲೇ ನಿಲ್ಲುತ್ತಿತ್ತು. ಸುತ್ತ ಇನ್ನೊಮ್ಮೆ ನೋಡುತ್ತಿದ್ದರು. "ಬೇಗ ಮುಗಿಸಿ, ಆಮೆ ಮೇಷ್ಟ್ರೇ!" ಎಂದು ರೇಗಿಸುತ್ತಿದ್ದೆವು. "ಅವಸರ ಮಾಡಿದ್ರೆ ಬೇಗ ಮುಗಿಯೋದು ನಾವೇ, ಮಾವಾ."

ಕಳೆದ ವಾರ ಕೆಲಸ ಮುಗಿಸಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ.

ಮೊನ್ನೆ ಅವರ ಹೆಂಡತಿ, ಈ ತಂಗಿ, ಸ್ಟುಡಿಯೋಗೆ ಬಂದಳು. "ಒಂದ್ಸಲ ಅವ್ರನ್ನ ನೋಡ್ತೀನಿ" ಅಂದಳು. ಕನ್ನಡಕ ಕಟ್ಟಿದೆವು. ಸ್ವಲ್ಪ ಹೊತ್ತಿಗೇ ಕಿತ್ತಿಟ್ಟಳು.

"ಇದು ಅವ್ರಲ್ಲ. ಬಿಸಿ ಪಾತ್ರೆನೂ ಹೀಗೆ ಗಬಕ್ಕಂತ ಮುಟ್ಟೋರಲ್ಲ ಅವ್ರು."

ನೋಡಿದರೆ — ವಿಡಿಯೋ ತಿದ್ದುವ ಹೊಸ ಯಂತ್ರ, ಅವರ ಕೈ ನಿಂತ ಹೊತ್ತನ್ನೆಲ್ಲ ತಪ್ಪೆಂದು ತಿಳಿದು ಕತ್ತರಿಸಿ ಬಿಸಾಡಿದೆ! ಈಗ ಕೈ ಸುಯ್ಯನೆ ಹೋಗಿ ತಂತಿ ಹಿಡಿಯುತ್ತದೆ. ನೋಡಲು ಬಲು ಚೆಂದ. ಅದನ್ನು ನೋಡಿ ಕಲಿತ ಹುಡುಗ ನಾಳೆ ನಿಜವಾದ ಬಾಂಬಿನ ಮುಂದೆ ಕೂರುತ್ತಾನೆ. ಅವನು ನನ್ನ ಹಾಗೆ ಸತ್ತು, ಎದ್ದು, ಮೈ ಕೊಡವಿಕೊಂಡು ಚಹಾ ಕುಡಿಯಲು ಹೋಗುವುದಿಲ್ಲ.

ಸ್ಟುಡಿಯೋ ನಡೆಸುವ ಸಾಹೇಬರೇ, ಮುಂದಿನ ಸಾಲಿನಲ್ಲೇ ಇದ್ದೀರಿ. ಇದನ್ನು ಮೊನ್ನೆಯೇ ನಿಮಗೆ ಹೇಳಿದೆವು. "ಆಮೇಲೆ ಸರಿಮಾಡೋಣ ಬಿಡಿ" ಎಂದಿರಿ. ನಿನ್ನೆ ಆ ವಿಡಿಯೋ ತರಬೇತಿ ಶಿಬಿರಕ್ಕೆ ಹೋಗಿಯೇಬಿಟ್ಟಿತು. ಮೇಷ್ಟ್ರಂತೂ ವಾಪಸ್ ಬರುವುದಿಲ್ಲ — ವಿಡಿಯೋ ಬರುತ್ತದೆ. ಫೋನು ಜೇಬಿನಲ್ಲಿದೆಯಲ್ಲ? ಹೊರಗೆ ಹೋಗಿ ಶಿಬಿರದವರಿಗೆ ಹೇಳಿ, ಅದನ್ನು ಈಗಲೇ ವಾಪಸ್ ತರಿಸಿ.

ಸಭಿಕರೇ, ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಸಾಹೇಬರು ಫೋನಿನಲ್ಲಿ ಮಾತು ಮುಗಿಸಿ ಒಳಗೆ ಬರುವವರೆಗೆ — ಮೌನ.